ಮತದ ಹಕ್ಕು, ಹಣದ ಲೆಕ್ಕ

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಸಾಸಲು ಹಿಂದೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಆ ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆ 144 ಸದಸ್ಯರೊಡನೆ ಮೊದಲ ಬಾರಿ ಸೇರಿತು. ಅದು ಬಹುಮಟ್ಟಿಗೆ ಭೂಮಾಲಿಕರ, ವರ್ತಕರ ಸಭೆ. ಕೂಲಿಯಾಳಿಗೆ ಅಲ್ಲಿ ದನಿಯಿರಲಿಲ್ಲ. 1923ರ ಕಾಯಿದೆ ಸ್ತ್ರೀಯರ ಮತದಾನಕ್ಕಿದ್ದ ಅಡ್ಡಿಯನ್ನು ತೆಗೆಯಿತಾದರೂ ಆಸ್ತಿಯ ನಿಬಂಧನೆ ಉಳಿಯಿತು. ಸಿರಿವಂತನನ್ನೂ ಬಡವನನ್ನೂ ಒಂದೇ ಮತದಲ್ಲಿ ಸರಿದೂಗಿಸಿದ್ದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 326ನೆಯ ವಿಧಿ.

ಹೀಗೆ ತಲೆಬಾಗಿಲಿನಿಂದ ಹೊರಹೋದ ಹಣದ ಪ್ರಭುತ್ವವು ಹಿತ್ತಿಲ ಬಾಗಿಲಿನಿಂದ ಒಳಬರಬಾರದಷ್ಟೆ? ಅದಕ್ಕಾಗಿಯೇ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಅಭ್ಯರ್ಥಿಯ ವೆಚ್ಚಕ್ಕೆ ಮಿತಿಯಿಟ್ಟು ಲೆಕ್ಕ ಕೇಳಿತು. ಆದರೆ ಪಕ್ಷದ ವೆಚ್ಚಕ್ಕೆ ಅಂಥ ಮಿತಿಯಿಲ್ಲ. 2018ರ ಚುನಾವಣಾ ಬಾಂಡ್ ಯೋಜನೆಯಂತೂ ಹಣ ಕೊಟ್ಟವರ ಹೆಸರನ್ನೇ ಮತದಾರನಿಗೆ ಮರೆಮಾಡಿತು. ಅದು ಮತದಾರನ ಅರಿಯುವ ಹಕ್ಕಿಗೆ ವಿರುದ್ಧವೆಂದು 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು.

ಮತ ಗುಟ್ಟಾಗಿರಬೇಕು, ಹಣ ಬಯಲಲ್ಲಿರಬೇಕು. ಮೊದಲನೆಯದು ದುರ್ಬಲನಿಗೆ ರಕ್ಷೆ; ಎರಡನೆಯದು ಬಲಾಢ್ಯನಿಗೆ ಅಂಕುಶ. ಆಸ್ತಿಯ ನಿಬಂಧನೆಯನ್ನು ಅಳಿಸಿದ ಕಾನೂನೇ ಪಕ್ಷದ ಥೈಲಿಗೂ ಮಿತಿಯನ್ನು ವಿಧಿಸಬೇಕು. ಅಲ್ಲಿಯವರೆಗೆ ಒಬ್ಬನಿಗೆ ಒಂದು ಮತವೆಂಬ ಸಮತೆ ಅರ್ಧ ಮಾತ್ರ ನಿಜ.