ಐದು ಗುಂಡಿನ ರಿವಾಲ್ವರಿಗೆ ಹಿಡಿ ಹುಡುಕಿದ ಕತೆ

ಕೋವಿ, ಪಿಸ್ತೂಲು ಅಂದ್ರೆ ನನಗೆ ಅಂಥ ಮೋಹವೇನಿಲ್ಲ. ಊರಲ್ಲಿ ಅಜ್ಜನ ಕಾಲದ್ದೊಂದು ತೋಟದ ಕೋವಿ ಇತ್ತು, ಮಂಗ ಓಡಿಸೋಕೆ. ಅದನ್ನ ಮುಟ್ಟಿದ್ರೆ ಬೈಸಿಕೊಳ್ಳೋದೊಂದೇ ನನಗೂ ಅದಕ್ಕೂ ಇದ್ದ ಸಂಬಂಧ. ಹಾಗಿರುವಾಗ ರಿವಾಲ್ವರಿನ ಹಿಡಿಯ ಬಗ್ಗೆ ಇಷ್ಟುದ್ದ ಬರೆಯೋಕೆ ಹೊರಟಿದೀನಲ್ಲ ಅಂತ ನನಗೇ ನಗು ಬರ್ತಿದೆ. ಆದ್ರೆ ಕೆಲವು ವರ್ಷಗಳ ಹಿಂದೆ ಟೆಕ್ಸಾಸಿನಲ್ಲಿ ಕೆಲಸಕ್ಕಿದ್ದಾಗ ನಡೆದ ಒಂದು ಪ್ರಸಂಗ ತಲೆಯಿಂದ ಹೋಗ್ತಿಲ್ಲ.

ಜೊತೆಗೆ ಕೆಲಸ ಮಾಡ್ತಿದ್ದವನೊಬ್ಬ ಒಂದು ಶನಿವಾರ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದ. ಅವನ ಹೆಂಡತಿಯೂ ಬಂದಿದ್ದರು. ಆಕೆ ನರ್ಸ್, ಹೆಚ್ಚಾಗಿ ರಾತ್ರಿ ಪಾಳಿ. ಹೊತ್ತಲ್ಲದ ಹೊತ್ತಿನಲ್ಲಿ ಪಾರ್ಕಿಂಗ್ ಜಾಗದವರೆಗೆ ಒಬ್ಬರೇ ನಡೆದು ಬರಬೇಕು ಅಂತ ಲೈಸೆನ್ಸ್ ಮಾಡಿಸಿ ಒಂದು ರಿವಾಲ್ವರ್ ತಗೊಂಡಿದ್ರು. ಅಂಗಡಿಯವನು ‘ನಿಮ್ಮದು ಚಿಕ್ಕ ಕೈ, ಚಿಕ್ಕ ಗನ್ನೇ ಸರಿ’ ಅಂತ ಹೇಳಿ ಸ್ಮಿತ್ ಅಂಡ್ ವೆಸನ್ ಕಂಪನಿಯ ಹಳೇ ಏರ್‌ವೇಟ್ ಒಂದನ್ನ ಕೊಟ್ಟಿದ್ದನಂತೆ. ಅಲ್ಯೂಮಿನಿಯಂ ಮೈ, ಸುಮಾರು 400 ಗ್ರಾಂ ತೂಕ, ಎರಡೂ ಕಡೆ ಬಿಸ್ಕತ್ತಿನಷ್ಟು ತೆಳ್ಳಗಿನ ಮರದ ಹಲ್ಲೆ. ನೋಡೋಕೆ ಎಷ್ಟು ಮುದ್ದು ಅಂತೀರಿ!

ಐದು ಗುಂಡು ಹೊಡೆದು ಮೇಜಿನ ಮೇಲಿಟ್ಟು ಹೆಬ್ಬೆರಳಿನ ಸಂದು ಉಜ್ಜಿಕೊಂಡರು. ಕೊಂಡು ಒಂದು ವರ್ಷ ಆಗಿತ್ತಂತೆ. ಆ ವರ್ಷದಲ್ಲಿ ಅವರು ಹೊಡೆದದ್ದು ಕೊಂಡ ದಿನದ ಐದು ಮತ್ತು ಈ ಐದು, ಅಷ್ಟೇ. ನಾನೂ ಹೊಡೆದು ನೋಡಿದೆ. ಟ್ರಿಗರ್ ಸುತ್ತ ಇರೋ ಬಳೆ ನಡುಬೆರಳಿನ ಗೆಣ್ಣಿಗೆ ಸರಿಯಾಗಿ ಬಾರಿಸಿತು. ಮೂರನೇ ಗುಂಡಿಗೇ ನನಗೆ ಸಾಕಾಗಿತ್ತು. ಗುರಿ ಹಲಗೆ ಏಳು ಗಜ ದೂರದಲ್ಲಿದ್ದರೂ ನನ್ನ ಗುಂಡುಗಳು ಅದನ್ನ ಗೌರವದಿಂದ ಬಳಸಿಕೊಂಡು ಹೋಗಿದ್ದವು :-)

ಚಿಕ್ಕ ಗನ್ ಚಿಕ್ಕ ಕೈಗೆ ಸುಲಭ ಅನ್ನೋದು ಎಷ್ಟು ದೊಡ್ಡ ಸುಳ್ಳು ಅಂತ ಅವತ್ತೇ ಗೊತ್ತಾದದ್ದು. ಪಿಯುಸಿ ಫಿಸಿಕ್ಸ್ ನೆನಪಿದ್ದವರಿಗೆ ಲೆಕ್ಕ ಸುಲಭ. ಗುಂಡು ಮುಂದಕ್ಕೆ ಎಷ್ಟು ಆವೇಗ ಒಯ್ಯುತ್ತೋ ಅಷ್ಟೇ ಗನ್ನಿಗೆ ಹಿಂದಕ್ಕೆ. ಅದೇ ತೋಟಾ ಇಟ್ಟು ಗನ್ನಿನ ತೂಕ ಅರ್ಧ ಮಾಡಿದ್ರೆ ಒದೆತದ ಶಕ್ತಿ ದುಪ್ಪಟ್ಟು. ಉಕ್ಕಿನ ಮೈಯ ಅಣ್ಣನಿಗಿಂತ (ಸುಮಾರು 540 ಗ್ರಾಂ) ಈ ಅಲ್ಯೂಮಿನಿಯಂ ತಮ್ಮ ಮೂರನೇ ಒಂದು ಭಾಗ ಹೆಚ್ಚು ಒದೀತಾನೆ. ಆ ಒದೆತವನ್ನ ಅಂಗೈಗೆ ಹಂಚಬೇಕಾದದ್ದು ಹಿಡಿ. ಅದೋ ಎರಡು ಬೆರಳಿಗೂ ಸಾಲದಷ್ಟು. ಯಾಕೆ ಹೀಗೆ ಮಾಡಿದ್ರು ಅಂತ ತಲೆಕೆಡಿಸಿಕೊಂಡು ಹುಡುಕುತ್ತಾ ಹೋದದ್ದೇ ಈ ಬರಹ.

ಶುರುವಿನಲ್ಲಿ ಹಿಡಿ ಇಷ್ಟು ಕೆಟ್ಟದಾಗಿರಲಿಲ್ಲ. ಕೋಲ್ಟ್ ಕಂಪನಿಯ 1873ರ ಸಿಂಗಲ್ ಆಕ್ಷನ್, ಕೌಬಾಯ್ ಸಿನಿಮಾಗಳಲ್ಲಿ ನೋಡಿರ್ತೀರಲ್ಲ, ಅದರ ಹಿಡಿಗೆ ನೇಗಿಲ ಹಿಡಿ ಅಂತಲೇ ಹೆಸರು. ಗುಂಡು ಹಾರಿದಾಗ ಅದು ಅಂಗೈಯೊಳಗೆ ಮೇಲಕ್ಕೆ ಉರುಳುತ್ತೆ, ಒದೆತದ ಒಂದಷ್ಟು ಪಾಲು ಆ ಉರುಳಾಟದಲ್ಲೇ ಕಳೆದುಹೋಗುತ್ತೆ. ಉರುಳಿದಾಗ ಹೆಬ್ಬೆರಳು ಹೇಗೂ ಕುದುರೆಯ ಹತ್ತಿರ ಬಂದಿರುತ್ತೆ, ಎಳೆದು ಮತ್ತೆ ಹೊಡೆಯೋದು. ಒಂದಕ್ಕೊಂದು ಹೊಂದಿಕೊಂಡ ಏರ್ಪಾಡು. ಆದ್ರೆ ಅದು ಸೊಂಟದ ಚೀಲದಲ್ಲಿ ಎಲ್ಲರಿಗೂ ಕಾಣೋ ಹಾಗೆ ನೇತುಹಾಕೋ ಆಯುಧ.

ಕಿಸೆಗೆ ಅಂತ ಮಾಡಿದಾಗ ಜಗಳ ಶುರುವಾಯ್ತು. ಇಂಗ್ಲೆಂಡಿನ ವೆಬ್ಲಿ 1872ರಲ್ಲಿ ಬ್ರಿಟಿಷ್ ಬುಲ್‌ಡಾಗ್ ಅಂತ ಗಿಡ್ಡ ಮೂತಿಯ ರಿವಾಲ್ವರ್ ತಂದಿತು. ಕೋಟಿನ ಕಿಸೆಗೆ ಸಿಕ್ಕಿಕೊಳ್ಳದಿರಲಿ ಅಂತ ಹಿಡಿಯ ತುದಿಯನ್ನ ಹಕ್ಕಿಯ ತಲೆಯಂತೆ ದುಂಡಗೆ ಮಾಡಿದ್ದರು. ಬೆಲ್ಜಿಯಂ, ಅಮೆರಿಕಗಳಲ್ಲೂ ಅದರ ನಕಲುಗಳು ರಾಶಿ ರಾಶಿ ಬಂದವು. ಹಿಡಿ ಆರಿಸೋದರ ಇತಿಹಾಸದ ಅತಿ ವಿಚಿತ್ರ ಘಟನೆಯೂ ಈ ಬುಲ್‌ಡಾಗಿನದೇ. 1881ರಲ್ಲಿ ಚಾರ್ಲ್ಸ್ ಗಿಟೋ ಅನ್ನೋ ತಲೆಕೆಟ್ಟವನು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ರನ್ನ ಕೊಲ್ಲಲು ವಾಷಿಂಗ್ಟನ್ನಿನ ಅಂಗಡಿಗೆ ಹೋದ. ಅಲ್ಲಿ ಮರದ ಹಿಡಿಯದೂ ಇತ್ತು, ದಂತದ ಹಿಡಿಯದೂ ಇತ್ತು. ಮುಂದೆ ಮ್ಯೂಸಿಯಮ್ಮಿನಲ್ಲಿ ಇಟ್ಟಾಗ ದಂತದ್ದು ಚೆನ್ನಾಗಿ ಕಾಣುತ್ತೆ ಅಂತ ಅವನ ಯೋಚನೆ! ಕೈಗೆ ಹೇಗೆ ಕೂರುತ್ತೆ ಅಂತಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಹೇಗೆ ಕಾಣುತ್ತೆ ಅಂತ. ಜುಲೈ 2ರಂದು ರೈಲು ನಿಲ್ದಾಣದಲ್ಲಿ ಗುಂಡು ಹೊಡೆದ. ಗಾರ್‌ಫೀಲ್ಡ್ ಸೆಪ್ಟೆಂಬರ್ 19ರಂದು ತೀರಿಕೊಂಡರು, ಗಿಟೋಗೆ ಮರುವರ್ಷ ಗಲ್ಲು. ಆ ರಿವಾಲ್ವರ್ ಮಾತ್ರ ಆಮೇಲೆ ಎಲ್ಲೋ ಕಳೆದೇಹೋಯಿತು.

1901ರಲ್ಲಿ ಅಧ್ಯಕ್ಷ ಮೆಕಿನ್ಲಿಯವರನ್ನ ಕೊಂದದ್ದೂ ಕಿಸೆಯ ರಿವಾಲ್ವರೇ, ಐವರ್ ಜಾನ್ಸನ್ ಕಂಪನಿಯದು. ಅದರ ಗಟ್ಟಿ ರಬ್ಬರಿನ ಹಿಡಿಯ ಮೇಲೆ ಗೂಬೆಯ ತಲೆಯ ಅಚ್ಚು. ರಬ್ಬರ್ ಅಂದ ಕೂಡಲೇ ಮೆತ್ತಗೆ ಅಂದುಕೊಳ್ಳಬೇಡಿ, ಹಳೇ ಫೌಂಟನ್ ಪೆನ್ನಿನ ಮೈಯಂಥದ್ದು. ಅಚ್ಚು ಹಾಕೋಕೆ ಅಗ್ಗ, ಚಿತ್ರ ಮೂಡಿಸೋಕೆ ಸುಲಭ. ಕೈಗೇನೂ ಲಾಭವಿಲ್ಲ. ಹೀಗೆ ಆ ಕಾಲದಲ್ಲಿ ಹಿಡಿ ಅಂದ್ರೆ ಅಲಂಕಾರ, ಇಲ್ಲಾಂದ್ರೆ ಟ್ರೇಡ್‌ಮಾರ್ಕ್ ಒತ್ತುವ ಜಾಗ. ಸ್ಮಿತ್ ಅಂಡ್ ವೆಸನ್ನಿನವರು 1887ರ ಹೊತ್ತಿಗೆ ಹಿಡಿಯ ಬೆನ್ನಲ್ಲೇ ಒಂದು ಸುರಕ್ಷತಾ ಪಟ್ಟಿ ಇಟ್ಟರು, ಗಟ್ಟಿಯಾಗಿ ಹಿಂಡಿ ಹಿಡಿದರೆ ಮಾತ್ರ ಗುಂಡು ಹಾರುತ್ತೆ. ಜನ ಅದಕ್ಕೆ ಇಟ್ಟ ಅಡ್ಡಹೆಸರು ‘ನಿಂಬೆಹಣ್ಣು ಹಿಂಡೋದು’. ನಾನು ಕಂಡಂತೆ, ಕಿಸೆಯ ರಿವಾಲ್ವರಿನಲ್ಲಿ ಕೈ ಏನು ಮಾಡುತ್ತೆ ಅಂತ ಕಂಪನಿಯೊಂದು ಯೋಚಿಸಿದ ಅಪರೂಪದ ಉದಾಹರಣೆ ಅದು.

ಇವತ್ತಿನ ಪುಟ್ಟ ರಿವಾಲ್ವರಿನ ನಿಜವಾದ ಹಿರಿಯಜ್ಜ 1927ರ ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್. ಎರಡಿಂಚು ನಳಿಗೆ, ಆರು ಗುಂಡು. ಮೊದಲು ಹಿಡಿಯ ತುದಿ ಚೌಕವಾಗಿತ್ತು. ಅಂಗಿಯ ಮೇಲೆ ಮೂಲೆ ಎದ್ದು ಕಾಣುತ್ತೆ ಅಂತ 1933ರಿಂದ ದುಂಡು ಮಾಡಿದರು. ಅಂಗಿ ಗೆದ್ದಿತು, ಕಿರುಬೆರಳು ಸೋತಿತು. 1950ರಲ್ಲಿ ಸ್ಮಿತ್ ಅಂಡ್ ವೆಸನ್ ಐದೇ ಗುಂಡಿನ ಇನ್ನೂ ಚಿಕ್ಕ ರಿವಾಲ್ವರನ್ನ ಪೊಲೀಸ್ ಮುಖ್ಯಸ್ಥರ ಸಮ್ಮೇಳನವೊಂದರಲ್ಲಿ ಮುಂದಿಟ್ಟಿತು. ಅದಕ್ಕೇ ಚೀಫ್ಸ್ ಸ್ಪೆಷಲ್ ಅಂತ ಹೆಸರು. ಬೆನ್ನಲ್ಲೇ ಅಲ್ಯೂಮಿನಿಯಂ ಏರ್‌ವೇಟ್‌ಗಳು ಬಂದವು. ತೂಕ ಇಳಿಯಿತು, ಹಿಡಿ ಹಾಗೇ ಉಳಿಯಿತು. ನಾನು ಪೆಟ್ಟು ತಿಂದದ್ದು ಈ ವಂಶದ ಕುಡಿಯಿಂದಲೇ.

ಇಲ್ಲಿ ಅಜ್ಜ ನೆನಪಾಗ್ತಾನೆ. ಕಮ್ಮಾರನ ಹತ್ತಿರ ಕತ್ತಿ ಮಾಡಿಸಿದರೆ ಬರೀ ಕಬ್ಬಿಣ ತರ್ತಿದ್ದ. ಹಿಡಿ ಮನೆಯಲ್ಲೇ ಆಗಬೇಕು. ಮರ ಹುಡುಕಿ, ಕೆತ್ತಿ, ಗಾಜಿನ ಚೂರಲ್ಲಿ ಹೆರೆದು, ಮತ್ತೆ ಮತ್ತೆ ಹಿಡಿದು ನೋಡಿ ಕೂರಿಸ್ತಿದ್ದ. ಅಜ್ಜಿಯ ಕತ್ತಿಗೆ ಬೇರೆಯದೇ ಅಳತೆ. ಅವನ ಕತ್ತಿ ಹಿಡಿದು ನಾನು ಕೆಲಸ ಮಾಡಿದರೆ ಅರ್ಧ ಗಂಟೆಗೆ ಬೊಕ್ಕೆ ಬರ್ತಿತ್ತು.

ಅಮೆರಿಕದಲ್ಲೂ ಕಡೆಗೆ ನಡೆದದ್ದು ಇದೇ. ಕಂಪನಿ ಕಬ್ಬಿಣ ಕೊಟ್ಟಿತು, ಹಿಡಿಯನ್ನ ಹೊರಗಿನವರು ಮಾಡಿದರು. ಚಿಕ್ಕ ರಿವಾಲ್ವರಿನಲ್ಲಿ ಟ್ರಿಗರ್ ಬಳೆಯ ಹಿಂದೆ ಒಂದು ಸಂದು ಉಳಿಯುತ್ತೆ. ನಡುಬೆರಳು ಮೇಲಕ್ಕೆ ಜಾರಿ ಆ ಸಂದಿಗೆ ಸೇರುತ್ತೆ, ಬಳೆ ಬಾರಿಸುತ್ತೆ. ಲಾಸ್ ಏಂಜಲೀಸಿನ ಪಾಕ್‌ಮೇರ್ ಮತ್ತು ಒಕ್ಲಹೋಮ ಸಿಟಿಯ ಟೈಲರ್ ಈ ಸಂದು ತುಂಬೋಕೆ ಸಣ್ಣ ತುಂಡೊಂದನ್ನ ಮಾಡಿ ಮಾರಿದರು. ಟೈಲರ್‌ನದು ಅಲ್ಯೂಮಿನಿಯಂ ತುಂಡು, ‘ಟಿ ಗ್ರಿಪ್’ ಅಂತ ಪ್ರಸಿದ್ಧ. ಇಷ್ಟೇ ಇಷ್ಟು. ಮರದ ಹಲ್ಲೆ ಸಡಿಲಿಸಿ ಒಳಗೆ ಸಿಕ್ಕಿಸಿದರೆ ಬೆರಳು ಕೆಳಗೇ ನಿಲ್ಲುತ್ತೆ. ಇಡೀ ಕತೆಯಲ್ಲಿ ನನಗೆ ಬಹಳ ಇಷ್ಟವಾದ ಉಪಾಯ ಇದು.

ಆಮೇಲೆ ಮೆತ್ತನೆ ರಬ್ಬರ್ ಬಂತು. ಲಾಸ್ ಏಂಜಲೀಸಿನಲ್ಲಿ ಪೊಲೀಸಾಗಿದ್ದ ಗೈ ಹೋಗ್ 1968ರಲ್ಲಿ ಹಿಡಿ ಮಾಡೋಕೆ ತೊಡಗಿದ. ಮುಂದೆ ಅವನ ಕಂಪನಿಯಿಂದ ಎರಡು ಹಲ್ಲೆಯ ಬದಲು ಒಂದೇ ತುಂಡಿನ, ಕೆಳಗಿನಿಂದ ಸ್ಕ್ರೂ ಹಾಕುವ ಹಿಡಿ ಬಂತು. ಕೈಗೆ ಸ್ವರ್ಗ. ಆದ್ರೆ ರಬ್ಬರ್ ಬಟ್ಟೆಗೆ ಅಂಟಿಕೊಳ್ಳುತ್ತೆ, ಬಗ್ಗಿ ಎದ್ದಾಗ ಅಂಗಿ ಅಲ್ಲೇ ಸಿಕ್ಕಿಕೊಂಡು ಗುಟ್ಟು ರಟ್ಟಾಗುತ್ತೆ. ಮತ್ತೆ ಅದೇ ಜಗಳ! ಬರಾಮಿ ಅನ್ನೋ ಕಂಪನಿ ಪೂರ್ತಿ ಕಿಸೆಯ ಪಕ್ಷ ವಹಿಸಿ, ಹಿಡಿಯ ಬಲಗಡೆ ಒಂದು ಕೊಕ್ಕೆ ಮಾಡಿ ಸೊಂಟಪಟ್ಟಿಗೇ ನೇತುಹಾಕಿಸಿತು. ಇಬ್ಬರನ್ನೂ ರಾಜಿ ಮಾಡಿಸಿದವನು ಕ್ರೇಗ್ ಸ್ಪೀಗಲ್ ಅನ್ನೋ ಮರಗೆಲಸದ ನಿಪುಣ. ಹಿಡಿಯ ಬೆನ್ನು ಬರಿದಾಗಿಯೇ ಬಿಟ್ಟು, ಸಂದು ತುಂಬಿ, ತುದಿಯನ್ನ ಕಬ್ಬಿಣದ ಅಂಚಿಗೇ ನಿಲ್ಲಿಸಿದ. ಅದರ ರಬ್ಬರ್ ರೂಪವನ್ನ ಅಂಕಲ್ ಮೈಕ್ಸ್ ಹೆಸರಿನಲ್ಲಿ ಮಾರಿದರು. ಕೊನೆಗೆ ಸ್ಮಿತ್ ಅಂಡ್ ವೆಸನ್ನೇ ತನ್ನ ಪುಟ್ಟ ರಿವಾಲ್ವರುಗಳಿಗೆ ಅದನ್ನ ಹಾಕಿ ಕಳಿಸತೊಡಗಿತು. ಹೊರಗಿನವನ ಹಿಡಿ ಕಾರ್ಖಾನೆಯೊಳಕ್ಕೆ ಬರೋಕೆ ನಾಲ್ಕು ದಶಕ ಬೇಕಾಯ್ತು.

ಫ್ಲಾರಿಡಾ 1987ರಲ್ಲಿ, ಟೆಕ್ಸಾಸ್ 1995ರಲ್ಲಿ ಮರೆಯಾಗಿ ಆಯುಧ ಒಯ್ಯಲು ಲೈಸೆನ್ಸ್ ಕಾನೂನು ತಂದಮೇಲೆ ಇಂಥವನ್ನ ಕೊಳ್ಳುವವರು ಪೊಲೀಸರಲ್ಲ, ನನ್ನ ಗೆಳೆಯನ ಹೆಂಡತಿಯಂಥವರು. 1989ರಲ್ಲಿ ಹೆಂಗಸರಿಗೆಂದೇ ಲೇಡಿಸ್ಮಿತ್ ಬಂತು. ನಮ್ಮಲ್ಲೂ 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ‘ನಿರ್ಭೀಕ್’ ತಂದಿತಲ್ಲ, ದೆಹಲಿಯ 2012ರ ಘಟನೆಯ ನಂತರ. .32 ತೋಟಾ, 500 ಗ್ರಾಂ, ಬೆಲೆ 1.22 ಲಕ್ಷ ರೂಪಾಯಿ. ಒಡವೆ ಪೆಟ್ಟಿಗೆಯಂಥ ಡಬ್ಬಿ. ಆಗ ನಾನು ಓದಿದ ಸುದ್ದಿಗಳಲ್ಲಿ ತೂಕ, ಬೆಲೆ, ಡಬ್ಬಿ ಎಲ್ಲದರ ಮಾತೂ ಇತ್ತು. ಹಿಡಿ ಯಾರ ಕೈ ಅಳತೆಯದು ಅಂತ ಒಬ್ಬರೂ ಕೇಳಿರಲಿಲ್ಲ. .32 ಅಷ್ಟೊಂದು ಒದೆಯಲ್ಲ, ಅದೊಂದು ಪುಣ್ಯ.

ಮುಂದಿನ ಶನಿವಾರ ಗೆಳೆಯ ಒಂದು ಬೂಟಿನ ಡಬ್ಬಿ ತುಂಬಾ ಹಿಡಿಗಳನ್ನ ತಂದಿದ್ದ. ಯಾರ್ಯಾರದೋ ಹಳೇವು. ದೊಡ್ಡ ರಬ್ಬರ್ ಹಿಡಿ ಹಾಕಿದಾಗ ನನಗೆ ನೋವೇ ಇಲ್ಲ. ಇದೇ ಸರಿ ಅಂತ ನಾವಿಬ್ಬರೂ ತೀರ್ಮಾನ ಕೊಟ್ಟುಬಿಟ್ಟೆವು. ಆಕೆ ಹಿಡಿದು ನೋಡಿ ಬೇಡ ಅಂದರು. ಬೆನ್ನ ಮೇಲೂ ರಬ್ಬರ್ ಹೊದೆಸಿದ್ದರಿಂದ ಟ್ರಿಗರ್ ಅಷ್ಟು ದೂರ ಹೋಗಿತ್ತು, ಅವರ ತೋರುಬೆರಳಿನ ತುದಿ ಮಾತ್ರ ತಾಗ್ತಿತ್ತು. ನಮ್ಮ ಕೈಗೆ ಸಿಕ್ಕ ಸುಖವನ್ನ ಅವರ ಕೈಗೆ ಅಂಟಿಸೋಕೆ ಹೋಗಿದ್ವಿ, ಅಂಗಡಿಯವನಿಗಿಂತ ನಾವೇನು ಕಮ್ಮಿ?

ಡಬ್ಬಿಯ ತಳದಲ್ಲಿ ಗೀರು ಬಿದ್ದ ಒಂದು ಟಿ ಗ್ರಿಪ್ ಇತ್ತು. ಅವರೇ ಹುಡುಕಿ ತೆಗೆದು, ಹಳೇ ಮರದ ಹಲ್ಲೆಗಳ ನಡುವೆ ಕೂರಿಸಿಕೊಂಡು, ಒದೆತ ಕಮ್ಮಿ ಇರೋ ಅಭ್ಯಾಸದ ತೋಟಾ ಕೇಳಿ ಪಡೆದು ಹೊಡೆದರು. ಐದಾಯ್ತು. ಮತ್ತೈದು ತುಂಬಿಕೊಂಡರು. ಐವತ್ತರ ಪೆಟ್ಟಿಗೆ ಖಾಲಿಯಾಗುವಾಗ ರೇಂಜ್ ಮುಚ್ಚುವ ಹೊತ್ತು. ಕೈ ಹೇಗಿದೆ ಅಂತ ಕೇಳಿದೆ. ನೋವಿದೆ, ಆದ್ರೆ ಮುಂದಿನ ವಾರವೂ ಬರ್ತೀನಿ ಅಂದರು.