ಕೆಟ್ಟು ನಿಂತ ವಾಹನಗಳಿಗೆ ನೆರವಾಗುವ ಸ್ವಯಂಸೇವಕರು ಸ್ವಂತ ವಾಹನದಲ್ಲಿ ಮಿನುಗು ದೀಪ ಬಳಸುವ ಕುರಿತು ಸಾರ್ವಜನಿಕ ಮಾಹಿತಿ

ಗೃಹರಕ್ಷಕ ದಳದ ಸದಸ್ಯರು, ಪೌರರಕ್ಷಣಾ ಸ್ವಯಂಸೇವಕರು, ಅಗ್ನಿಶಾಮಕ ತರಬೇತಿ ಪಡೆದವರು ಹಾಗೂ ರಸ್ತೆ ಸುರಕ್ಷತೆಯಲ್ಲಿ ಆಸಕ್ತಿಯುಳ್ಳ ಸಂಘ-ಸಂಸ್ಥೆಗಳವರು ತಮ್ಮ ಸ್ವಂತ ಕಾರು ಅಥವಾ ದ್ವಿಚಕ್ರ ವಾಹನಕ್ಕೆ ಕೆಂಪು, ನೀಲಿ ಅಥವಾ ಬಹುವರ್ಣದ ಮಿನುಗು ದೀಪ ಅಳವಡಿಸಿಕೊಳ್ಳಲು ಅನುಮತಿ ಕೋರುವುದುಂಟು. ರಾತ್ರಿ ವೇಳೆ ಹೆದ್ದಾರಿಯಲ್ಲಿ ಕೆಟ್ಟು ನಿಂತವರಿಗೆ ನೆರವಾಗುವಾಗ ಹಿಂದಿನಿಂದ ಬರುವ ವಾಹನಗಳಿಗೆ ತಾವು ಕಾಣಿಸಬೇಕು ಎಂಬುದು ಅವರು ನೀಡುವ ಕಾರಣ. ಕಾರಣ ಒಪ್ಪತಕ್ಕದ್ದೇ ಆಗಿದೆ. ಆದರೆ ಖಾಸಗಿ ವ್ಯಕ್ತಿಯ ಸ್ವಂತ ವಾಹನಕ್ಕೆ ಇಂತಹ ದೀಪದ ಅನುಮತಿ ನೀಡಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ನೆರವು ನೀಡಲು ಮಾತ್ರ ಯಾರ ಅನುಮತಿಯೂ ಬೇಕಾಗಿಲ್ಲ. ಈ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ತಿಳಿದುಕೊಂಡಲ್ಲಿ ಅರ್ಜಿದಾರರ ಸಮಯವೂ ಓಡಾಟವೂ ಉಳಿಯುತ್ತದೆ.

ನಿಯಮದ ಸ್ಥಿತಿ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 108ನೇ ನಿಯಮವು ವಾಹನದ ಮುಂಭಾಗಕ್ಕೆ ಕೆಂಪು ಬೆಳಕನ್ನೂ ಹಿಂಭಾಗಕ್ಕೆ ಕೆಂಪಲ್ಲದ ಬೆಳಕನ್ನೂ ತೋರಿಸುವುದನ್ನು ನಿಷೇಧಿಸುತ್ತದೆ. ದಿಕ್ಸೂಚಕ ದೀಪ, ನೋಂದಣಿ ಫಲಕದ ಬಿಳಿ ದೀಪ, ರಿವರ್ಸ್ ದೀಪ ಮುಂತಾದ ಕೆಲವು ವಿನಾಯಿತಿಗಳು ಮಾತ್ರ ಇವೆ. ಹಿಂದಿನಿಂದ ಬರುವವರನ್ನು ಎಚ್ಚರಿಸಲೆಂದೇ ಡಿಕ್ಕಿಯ ಗಾಜಿಗೆ ನೀಲಿ ಎಲ್‌ಇಡಿ ಅಂಟಿಸಿಕೊಳ್ಳುವುದು ಕೂಡ ಈ ಕಾರಣದಿಂದ ನಿಯಮಬಾಹಿರವಾಗುತ್ತದೆ. ಅಂಬರ್ ದೀಪಕ್ಕೆ ತೊಂದರೆಯಿಲ್ಲವೆಂದು ಬಿಡಿಭಾಗಗಳ ಅಂಗಡಿಗಳಲ್ಲಿ ಹೇಳುವುದುಂಟು. ಸದರಿ ನಿಯಮದಲ್ಲಿ ವಿಮಾನ ನಿಲ್ದಾಣ, ಬಂದರು ಮುಂತಾದ ಆವರಣ ಬಿಟ್ಟು ಹೊರಬಾರದ ವಾಹನಗಳ ಅಂಬರ್ ಮೇಲ್ದೀಪದ ಪ್ರಸ್ತಾಪವಿದೆಯೇ ಹೊರತು, ಅದನ್ನು ಸ್ವಯಂಸೇವಕರ ಕಾರಿಗೆ ಅನ್ವಯಿಸಲು ಬರುವುದಿಲ್ಲ.

2013ರ ಡಿಸೆಂಬರ್ 10ರಂದು ಅಭಯ್ ಸಿಂಗ್ ವಿರುದ್ಧ ಉತ್ತರ ಪ್ರದೇಶ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕೆಂಪು ದೀಪದ ಬಳಕೆಯನ್ನು ಬಹುಮಟ್ಟಿಗೆ ಮಿತಿಗೊಳಿಸಿತು. ಬಳಿಕ 2017ರ ಮೇ 1ರಿಂದ ಗಣ್ಯರ ವಾಹನಗಳ ಮೇಲಿನ ಕೆಂಪು ದೀಪವೇ ರದ್ದಾಯಿತು. ಅಗ್ನಿ ನಿಯಂತ್ರಣ, ಕಾನೂನು ಸುವ್ಯವಸ್ಥೆ ಕಾಪಾಡುವ ಪೊಲೀಸ್, ರಕ್ಷಣಾ ಮತ್ತು ಅರೆಸೇನಾ ಪಡೆಗಳ ಕರ್ತವ್ಯ, ನೈಸರ್ಗಿಕ ಹಾಗೂ ಮಾನವನಿರ್ಮಿತ ವಿಪತ್ತುಗಳ ನಿರ್ವಹಣೆ, ಇವುಗಳಿಗೆ ಗೊತ್ತುಪಡಿಸಿದ ವಾಹನಗಳಿಗೆ ಕೆಂಪು, ನೀಲಿ, ಬಿಳಿ ಬಣ್ಣಗಳ ಬಹುವರ್ಣ ದೀಪವನ್ನು ಉಳಿಸಿಕೊಳ್ಳಲಾಯಿತು. ಅಂತಹ ವಾಹನವೂ ಗೊತ್ತುಪಡಿಸಿದ ಕರ್ತವ್ಯದಲ್ಲಿ ಇಲ್ಲದಿರುವಾಗ ದೀಪ ಉರಿಸುವಂತಿಲ್ಲ.

ಇಲ್ಲಿ ಗಮನಿಸಬೇಕಾದುದೇನೆಂದರೆ, ದೀಪದ ಹಕ್ಕು ಸೇರಿರುವುದು ಗೊತ್ತುಪಡಿಸಿದ ವಾಹನಕ್ಕೆ. ಅದನ್ನು ಓಡಿಸುವ ವ್ಯಕ್ತಿಗಲ್ಲ. ಗೃಹರಕ್ಷಕ ದಳದ ಗುರುತಿನ ಚೀಟಿ, ಪೌರರಕ್ಷಣಾ ತರಬೇತಿಯ ಪ್ರಮಾಣಪತ್ರ ಅಥವಾ ನಿವೃತ್ತ ಅಗ್ನಿಶಾಮಕ ಅಧಿಕಾರಿ ಎಂಬ ಹೆಸರು ಸ್ವಂತ ವಾಹನಕ್ಕೆ ದೀಪ ತಂದುಕೊಡುವುದಿಲ್ಲ. ಸೈರನ್ನಿಗೂ ಇದೇ ಮಾತು. 119ನೇ ನಿಯಮದಂತೆ ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ಮುಂತಾದ ವಾಹನಗಳಿಗೆ ಮಾತ್ರ ವಿಶೇಷ ಧ್ವನಿಸಂಕೇತಗಳಿಗೆ ಅವಕಾಶವಿದೆ.

ಇಷ್ಟು ಬಿಗಿ ಏಕೆ ಎಂದು ಕೇಳಬಹುದು. ಮಿನುಗು ದೀಪವು ರಸ್ತೆಯ ಮೇಲೆ ಒಂದು ಹಕ್ಕನ್ನು ಸಾರುತ್ತದೆ. ಅಗ್ನಿಶಾಮಕ ವಾಹನ ಅಥವಾ ಆಂಬುಲೆನ್ಸಿಗೆ ದಾರಿ ಬಿಡದವರಿಗೆ ಮೋಟಾರು ವಾಹನ ಅಧಿನಿಯಮದ 194ಇ ಕಲಂ ಪ್ರಕಾರ 6 ತಿಂಗಳವರೆಗೆ ಕಾರಾವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಕಂಡಕಂಡ ವಾಹನಗಳ ಮೇಲೆಲ್ಲ ಅದೇ ದೀಪ ಉರಿಯತೊಡಗಿದರೆ ನಿಜವಾದ ಆಂಬುಲೆನ್ಸಿಗೆ ದಾರಿ ಬಿಡುವವರು ಇರುವುದಿಲ್ಲ. ಇನ್ನೊಂದು ಕಡೆಯಿಂದಲೂ ನೋಡಬೇಕು. ರಾತ್ರಿ ಹನ್ನೊಂದು ಗಂಟೆಗೆ ಮಕ್ಕಳೊಂದಿಗೆ ಕೆಟ್ಟ ಕಾರಿನಲ್ಲಿ ಕುಳಿತ ಮಹಿಳೆಯೊಬ್ಬರ ಹಿಂದೆ ನೀಲಿ ದೀಪದ ವಾಹನವೊಂದು ಬಂದು ನಿಂತರೆ ಅವರು ಅದನ್ನು ಪೊಲೀಸ್ ವಾಹನವೆಂದು ನಂಬಿ ಬಾಗಿಲು ತೆರೆಯುತ್ತಾರೆ. ಬಂದವರು ಯಾರೆಂದು ತಿಳಿಯಲು ಅವರಿಗೆ ಬೇರೆ ದಾರಿಯಿಲ್ಲ. ಆ ನಂಬಿಕೆಯನ್ನು ಕಾಯುವುದಕ್ಕಾಗಿಯೇ ದೀಪವನ್ನು ಕೆಲವೇ ವಾಹನಗಳಿಗೆ ಮೀಸಲಿಡಲಾಗಿದೆ.

ಅಮೆರಿಕದ ಪದ್ಧತಿಯ ಕುರಿತು

ಅಮೆರಿಕದಲ್ಲಿ ಸ್ವಯಂಸೇವಕ ಅಗ್ನಿಶಾಮಕರು ಸ್ವಂತ ಕಾರಿನ ಮೇಲೆ ದೀಪ ಬಳಸುವುದನ್ನು ಉದಾಹರಿಸಿ ಇಲ್ಲಿಯೂ ಅದೇ ಸೌಲಭ್ಯ ಬೇಕೆನ್ನುವವರಿದ್ದಾರೆ. ಅಲ್ಲಿನ ಅಗ್ನಿಶಾಮಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸ್ವಯಂಸೇವಕರೇ ಆಗಿದ್ದು, ಕರೆ ಬಂದಾಗ ಮನೆಯಿಂದಲೋ ಕೆಲಸದ ಸ್ಥಳದಿಂದಲೋ ಹೊರಟು ಠಾಣೆ ಸೇರಬೇಕಾಗುತ್ತದೆ. ದೀಪದ ವ್ಯವಸ್ಥೆ ಹುಟ್ಟಿದ್ದು ಅದಕ್ಕಾಗಿ. ನಮ್ಮಲ್ಲಿ ಅಗ್ನಿಶಾಮಕ ಠಾಣೆಯಿಂದ ಇಲಾಖೆಯ ವಾಹನವೇ ಸಿಬ್ಬಂದಿಯೊಂದಿಗೆ ಹೊರಡುವುದರಿಂದ ಆ ಅಗತ್ಯವೇ ಇಲ್ಲ.

ಅಲ್ಲಿಯೂ ಈ ಸೌಲಭ್ಯ ಅನೇಕರು ಭಾವಿಸಿದಷ್ಟು ಧಾರಾಳವಾಗಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಸ್ವಯಂಸೇವಕನು ತನ್ನ ಅಗ್ನಿಶಾಮಕ ದಳದ ಮುಖ್ಯಸ್ಥರಿಂದ ಲಿಖಿತ ಅನುಮತಿ ಪಡೆದು ನೀಲಿ ದೀಪವನ್ನು ತುರ್ತು ಕಾರ್ಯಾಚರಣೆಯಲ್ಲಿ ತೊಡಗಿರುವಾಗ ಮಾತ್ರ ಉರಿಸಬಹುದು. ಅದು ದಾರಿ ಬಿಡಿರೆಂಬ ವಿನಂತಿಯಷ್ಟೇ; ಸಿಗ್ನಲ್ ದಾಟುವ ಅಥವಾ ವೇಗಮಿತಿ ಮೀರುವ ಹಕ್ಕು ಅದರಿಂದ ಬರುವುದಿಲ್ಲ. ದಾರಿಯಲ್ಲಿ ಕಂಡ ಪಂಕ್ಚರ್ ಆದ ಕಾರಿನ ಬಳಿ ತಾನಾಗಿ ನಿಂತು ದೀಪ ಹಾಕುವುದು ತುರ್ತು ಕಾರ್ಯಾಚರಣೆ ಎಂಬ ಮಾತಿನೊಳಗೆ ಸುಲಭವಾಗಿ ಬರುವಂಥದ್ದಲ್ಲ. ಬಣ್ಣವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸ್ವಯಂಸೇವಕರಿಗೆ ಫ್ಲೋರಿಡಾದಲ್ಲಿ ಕೆಂಪು, ವಾಷಿಂಗ್ಟನ್ ರಾಜ್ಯದಲ್ಲಿ ಹಸಿರು. ಕ್ಯಾಲಿಫೋರ್ನಿಯಾದಲ್ಲಿ ನೀಲಿ ಪೊಲೀಸರದು. ಅಲ್ಲಿ ನೆಲೆಸಿ ಇಂತಹ ದಳಗಳಿಗೆ ಸೇರುವ ಕನ್ನಡಿಗರು ಆಯಾ ರಾಜ್ಯದ ಕಾನೂನನ್ನೇ ನೋಡಿಕೊಳ್ಳತಕ್ಕದ್ದು. ನ್ಯೂಯಾರ್ಕಿನಲ್ಲಿ 2024ರ ಮಾರ್ಚ್ 27ರಿಂದ, ದೀಪವಿರಲಿ ಇಲ್ಲದಿರಲಿ, ರಸ್ತೆ ಬದಿಯಲ್ಲಿ ನಿಂತ ಯಾವುದೇ ವಾಹನವನ್ನು ದಾಟುವಾಗ ವೇಗ ತಗ್ಗಿಸಿ, ಸಾಧ್ಯವಿದ್ದಲ್ಲಿ ಪಕ್ಕದ ಪಥಕ್ಕೆ ಸರಿಯಬೇಕೆಂದು ಕಾನೂನನ್ನು ವಿಸ್ತರಿಸಲಾಗಿದೆ. ನಮ್ಮ ಚಾಲಕರೂ ರೂಢಿಸಿಕೊಳ್ಳಬೇಕಾದುದು ಇದನ್ನು.

ಸ್ವಯಂಸೇವಕರು ಮಾಡಬಹುದಾದುದು

ಪ್ರತಿ ಕಾರಿನಲ್ಲಿ ಇರುವ ನಾಲ್ಕೂ ಇಂಡಿಕೇಟರ್‌ಗಳು ಒಟ್ಟಿಗೆ ಮಿನುಗುವ ಅಪಾಯ ಸೂಚಕ ದೀಪವು ಕಾನೂನುಬದ್ಧವಾದ ಎಚ್ಚರಿಕೆ ದೀಪವಾಗಿದೆ. ನಿಂತ ವಾಹನಕ್ಕೆಂದೇ ಅದನ್ನು ಕೊಟ್ಟಿರುವುದು. (ಮಳೆ ಬಂತೆಂದು ಓಡುತ್ತಿರುವಾಗಲೇ ಅದನ್ನು ಹಾಕಿಕೊಳ್ಳುವ ಅಭ್ಯಾಸ ಹೆಚ್ಚಿದೆ. ಹೀಗೆ ಮಾಡಿದಲ್ಲಿ ತಿರುವಿನ ಸೂಚನೆ ಕಾಣದೆ ಹಿಂದಿನವರಿಗೆ ಗೊಂದಲವಾಗುತ್ತದೆ.) ದೀಪಕ್ಕಿಂತಲೂ ಮುಖ್ಯವಾದುದು ದೂರ. ಗಂಟೆಗೆ 80 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಪ್ರತಿಫಲಿಸುವ ತ್ರಿಕೋನ ಫಲಕವನ್ನು 50 ಮೀಟರ್ ಹಿಂದೆ ಇಟ್ಟರೆ ಆ ಚಾಲಕನಿಗೆ ಹೆಚ್ಚಾಗಿ ಸಿಗುವುದು ಎರಡು ಸೆಕೆಂಡಿಗಿಂತ ತುಸು ಜಾಸ್ತಿ ಕಾಲ. ಆದ್ದರಿಂದ ಹೆದ್ದಾರಿಯಲ್ಲಿ 100 ಮೀಟರಿಗೆ ಕಡಿಮೆಯಿಲ್ಲದಂತೆ ಇಡುವುದು ಒಳ್ಳೆಯದು. ಶಿರಾಡಿ, ಚಾರ್ಮಾಡಿಯಂತಹ ಘಾಟಿಗಳಲ್ಲಿ ಅಳತೆಗಿಂತ ತಿರುವನ್ನು ನೋಡಿ, ತಿರುವಿಗೆ ಮೊದಲೇ ಫಲಕ ಕಾಣುವಂತಿರಬೇಕು. ಫಲಕ ಇಡಲು ಹೋಗುವವರು ರಸ್ತೆಯ ಅಂಚಿನಿಂದಾಚೆ, ಎದುರಿಗೆ ಬರುವ ವಾಹನಗಳಿಗೆ ಮುಖಮಾಡಿ ನಡೆಯತಕ್ಕದ್ದು. ರಿಫ್ಲೆಕ್ಟರ್ ಜಾಕೆಟ್ ಮತ್ತು ಟಾರ್ಚ್ ಇರಲಿ.

ಕೆಟ್ಟ ಲಾರಿಯ ಸುತ್ತ ಸೊಪ್ಪಿನ ಕೊಂಬೆ, ಕಲ್ಲು ಇಡುವುದು ನಮ್ಮಲ್ಲಿ ಹಳೆಯ ರೂಢಿ. ಕೊಂಬೆಯಾದರೂ ಸರಿಯೆನ್ನಬಹುದು. ಲಾರಿ ರಿಪೇರಿಯಾಗಿ ಹೊರಟ ಮೇಲೆ ರಸ್ತೆಯಲ್ಲೇ ಉಳಿಯುವ ಕಲ್ಲುಗಳು ಮುಂದೆ ಬರುವ ದ್ವಿಚಕ್ರ ವಾಹನ ಸವಾರರ ಪ್ರಾಣಕ್ಕೆ ಎರವಾಗುತ್ತವೆ. ನೆರವಿಗೆ ನಿಂತವರು ಹೊರಡುವ ಮುನ್ನ ಕಲ್ಲುಗಳನ್ನು ತೆಗೆಸಿಯೇ ಹೊರಡುವುದು.

ವಾಹನದಲ್ಲಿರುವವರನ್ನು ಇಳಿಸಿ ತಡೆಬೇಲಿಯ ಆಚೆ ನಿಲ್ಲಿಸಬೇಕು. ಹೆದ್ದಾರಿಯ ಮಧ್ಯೆ ಹಗ್ಗ ಕಟ್ಟಿ ಎಳೆಯಲು ಹೋಗದೆ ರಾಷ್ಟ್ರೀಯ ಹೆದ್ದಾರಿಯಾದಲ್ಲಿ 1033ಕ್ಕೆ, ಉಳಿದೆಡೆ ಹಾಗೂ ಅಪಾಯದ ಸಂದರ್ಭಗಳಲ್ಲಿ 112ಕ್ಕೆ ಕರೆ ಮಾಡತಕ್ಕದ್ದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳ ಪ್ರವೇಶವನ್ನು ನಿರ್ಬಂಧಿಸಲಾಗಿದ್ದು, ನೆರವು ನೀಡುವ ಉದ್ದೇಶದಿಂದಲೂ ಬೈಕಿನಲ್ಲಿ ಅಲ್ಲಿಗೆ ಹೋಗಬಾರದು.

ನೆರವು ನೀಡುವವರಿಗೆ ಇರುವ ರಕ್ಷಣೆ

2019ರ ತಿದ್ದುಪಡಿಯಿಂದ ಸೇರಿದ ಮೋಟಾರು ವಾಹನ ಅಧಿನಿಯಮದ 134ಎ ಕಲಂ, ಪ್ರತಿಫಲಾಪೇಕ್ಷೆಯಿಲ್ಲದೆ ಸದ್ಭಾವನೆಯಿಂದ ಅಪಘಾತದ ಗಾಯಾಳುವಿಗೆ ನೆರವಾದವರನ್ನು ಸಿವಿಲ್ ಹಾಗೂ ಕ್ರಿಮಿನಲ್ ಹೊಣೆಯಿಂದ ರಕ್ಷಿಸುತ್ತದೆ. 2020ರಲ್ಲಿ ಸೇರಿದ 168ನೇ ನಿಯಮದಂತೆ ಹೆಸರು, ವಿಳಾಸ ತಿಳಿಸುವಂತೆ ಅವರನ್ನು ಯಾರೂ ಒತ್ತಾಯಿಸುವಂತಿಲ್ಲ. ಇದಕ್ಕೂ ಮೊದಲೇ ಕರ್ನಾಟಕವು ಜೀವರಕ್ಷಕರ ರಕ್ಷಣೆಗೆ 2016ರಲ್ಲಿ ತನ್ನದೇ ಕಾಯ್ದೆಯನ್ನು ರೂಪಿಸಿದ್ದು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು.

ಒಂದು ಮಿತಿಯನ್ನು ಮಾತ್ರ ತಿಳಿದಿರಬೇಕು. 134ಎ ಕಲಂ ಹೇಳುವುದು ಅಪಘಾತದ ಗಾಯಾಳುವಿನ ಬಗ್ಗೆ. ಟೈರು ಬದಲಿಸಲು, ಡೀಸೆಲ್ ತಂದುಕೊಡಲು ನಿಂತವರಿಗೆ ಅದು ಅನ್ವಯಿಸುವುದಿಲ್ಲ. ಅವರು ತಮ್ಮ ವಾಹನವನ್ನು ಇತರರಿಗೆ ಅಪಾಯವಾಗುವಂತೆ ನಿಲ್ಲಿಸಿದಲ್ಲಿ 122ನೇ ಕಲಂ ಪ್ರಕಾರ ಇತರ ಎಲ್ಲ ಚಾಲಕರಂತೆಯೇ ಹೊಣೆಗಾರರಾಗುತ್ತಾರೆ.

ಈಗಾಗಲೇ ದೀಪ ಅಳವಡಿಸಿಕೊಂಡವರು

ದೀಪವನ್ನು ವೈರಿಂಗ್ ಸಹಿತ ತೆಗೆಸತಕ್ಕದ್ದು; ಉರಿಸುವುದಿಲ್ಲ ಎಂಬ ಸಮಜಾಯಿಷಿ ತಪಾಸಣೆಯ ವೇಳೆ ಉಪಯೋಗಕ್ಕೆ ಬರುವುದಿಲ್ಲ. 177ನೇ ಕಲಂ ಅಡಿ ಮೊದಲ ಬಾರಿಗೆ 500, ನಂತರ 1,500 ರೂಪಾಯಿವರೆಗೆ ದಂಡವಿದೆ. ಅಳವಡಿಕೆಯನ್ನು ಅನಧಿಕೃತ ಮಾರ್ಪಾಡು ಎಂದು ಪರಿಗಣಿಸಿದಲ್ಲಿ 182ಎ ಕಲಂ ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಕಾರಾವಾಸ ಅಥವಾ ಎರಡೂ ಆಗಬಹುದು. ದೀಪ ತೋರಿಸಿ ತಾನು ಪೊಲೀಸ್ ಅಧಿಕಾರಿಯೆಂದು ನಟಿಸಿ ಯಾರನ್ನಾದರೂ ತಡೆದು ನಿಲ್ಲಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯಡಿ ಬರುವ ಪ್ರತ್ಯೇಕ ಅಪರಾಧ.

ಅರ್ಜಿ ಸಲ್ಲಿಸಬಹುದಾದ ಸಂದರ್ಭ

ಸಂಸ್ಥೆಯೊಂದು ನಿಯತವಾಗಿ ತುರ್ತು ಸೇವೆ ನೀಡಲು ಬಯಸಿದಲ್ಲಿ, ವೈಯಕ್ತಿಕ ಕಾರಿಗೆ ದೀಪ ಕೇಳುವ ಬದಲು, ಎಐಎಸ್-125 ಮಾನದಂಡದಂತೆ ನಿರ್ಮಿಸಿದ ವಾಹನವನ್ನು ಸಂಸ್ಥೆಯ ಹೆಸರಿನಲ್ಲಿ ಆಂಬುಲೆನ್ಸ್ ಎಂದೇ ನೋಂದಾಯಿಸಿಕೊಳ್ಳಬಹುದು. ಕೇವಲ ಆಂಬುಲೆನ್ಸ್ ಉದ್ದೇಶಕ್ಕೆ ಬಳಸುವ ವಾಹನಕ್ಕೆ 66ನೇ ಕಲಂ ಪ್ರಕಾರ ಪರ್ಮಿಟ್ ಅಗತ್ಯವಿಲ್ಲ. ಅರ್ಜಿಯನ್ನು ಸಂಸ್ಥೆಯ ವಿಳಾಸ ಯಾವ ಪ್ರಾದೇಶಿಕ ಸಾರಿಗೆ ಕಚೇರಿಯ ವ್ಯಾಪ್ತಿಗೆ ಬರುತ್ತದೆಯೋ ಆ ಕಚೇರಿಗೆ ಸಲ್ಲಿಸತಕ್ಕದ್ದು.