ಕೋಟೆಯ ತೆನೆ

ತೆನೆ ಎಂದರೆ ರಾಗಿ, ಜೋಳದ ತೆನೆ ಮಾತ್ರವಲ್ಲ. ಕೋಟೆಗೋಡೆಯ ನೆತ್ತಿಯಲ್ಲಿ ಹಲ್ಲುಹಲ್ಲಾಗಿ ಎದ್ದ ಭಾಗಕ್ಕೂ ಕನ್ನಡದಲ್ಲಿ ಅದೇ ಹೆಸರು. ಹೊಲದಲ್ಲಿ ದುಡಿಯುವವರು ಹೊರಗೆ ನಿಂತು, ಕತ್ತೆತ್ತಿ ನೋಡಿ ಇಟ್ಟ ಹೆಸರು ಎಂದು ನನ್ನ ನಂಬಿಕೆ. ಸಂಸ್ಕೃತದವರಿಗೆ ಅಲ್ಲಿ ಕೋತಿಯ ತಲೆ ಕಂಡಿತು, ಕಪಿಶೀರ್ಷ ಎಂದರು. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಓಲೆಗರಿಗಳಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ಈ ಪದ ಸಿಗುತ್ತದೆ. ಗೋಡೆಯ ತುದಿಗೆ ಕಪಿಶೀರ್ಷಗಳನ್ನು ಕೂರಿಸಬೇಕು, ಆದರೆ ಗೋಡೆ ಮರದ್ದಾಗಕೂಡದು, ಮರದೊಳಗೆ ಬೆಂಕಿ ಅಡಗಿರುತ್ತದೆ ಎನ್ನುತ್ತಾನೆ ಕೌಟಿಲ್ಯ. ಮುತ್ತಿಗೆಯನ್ನು ಬಲ್ಲವನ ಮಾತು ಅದು.

ಹೆಸರು ಹೊರಗಿನವರದಾದರೂ ಅಳತೆ ಒಳಗೆ ನಿಂತವನದು. ನಮ್ಮಪ್ಪ ಗಾರೆ ಕೆಲಸದವರು. ದೇವನಹಳ್ಳಿ ಕೋಟೆಯ ಮೇಲೆ ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿ, “ಇಲ್ಲಿ ನಿಂತೋನ ತಲೆ ಮುಚ್ಚಬೇಕು, ಕಣ್ಣು ಮುಚ್ಚಬಾರದು, ಅದೇ ಲೆಕ್ಕ” ಎಂದಿದ್ದರು. ಬಿಲ್ಲಿನ ಕಾಲಕ್ಕೆ ಆ ಲೆಕ್ಕ ಸುಲಭ: ಎರಡು ತೆನೆಗಳ ನಡುವಿನ ತೆರಪಿನಿಂದ ಬಾಣ ಬಿಟ್ಟು ತೆನೆಯ ಮರೆಗೆ ಸರಿಯುವುದು. ಬಂದೂಕು ಬಂದ ಮೇಲೆ ಆ ತೆರಪೇ ಸಾವಿನ ಬಾಗಿಲಾಯಿತು. ತೆನೆಗಳು ದಪ್ಪಗಾದವು, ಮೈಯಲ್ಲಿ ಕಿಂಡಿ ಬಂದವು. ಹೊರಗೆ ಕಿರಿದು, ಒಳಗೆ ಅಗಲ. ಬಂದೂಕನ್ನು ಅತ್ತಿತ್ತ ತಿರುಗಿಸಲು. ಕೆಲವು ಕಿಂಡಿಗಳು ಕೆಳಮುಖವಾಗಿ ಇಳಿಯುತ್ತವೆ, ಗೋಡೆಯ ಬುಡಕ್ಕೆ ಬಂದವನ ಮೇಲೂ ಗುಂಡು ಬೀಳಲೆಂದು. ದೇವನಹಳ್ಳಿಯಲ್ಲಿ 1501ರಲ್ಲಿ ಮಲ್ಲಬೈರೇಗೌಡ ಕಟ್ಟಿದ್ದು ಮಣ್ಣಿನ ಕೋಟೆ. ಈಗ ಕಾಣುವ ಕಲ್ಲಿನ ಗೋಡೆ ಹೈದರನ ಕಾಲದ್ದು. ಬಂದೂಕಿನ ಕಾಲದ ಕೋಟೆ ಎಂಬುದಕ್ಕೆ ಆ ಕಿಂಡಿಗಳೇ ಸಾಕ್ಷಿ. ಫಿರಂಗಿಗೆ ಮಾತ್ರ ಯಾವ ತೆನೆಯೂ ಉತ್ತರವಲ್ಲ. 1791ರಲ್ಲಿ ಈ ಕೋಟೆ ಬ್ರಿಟಿಷರ ಕಾರ್ನ್‌ವಾಲಿಸನ ಕೈ ಸೇರಿತು.

ವಿಜಯಪುರದ ಗೋಳಗುಮ್ಮಟದ ಮೇಲೆ ತೆನೆಗಳು ಬರೀ ಅಲಂಕಾರ. ಅದು ಸಮಾಧಿ, ಅಲ್ಲಿ ಕಾಯುವವನೂ ಇಲ್ಲ, ಮುತ್ತುವವನೂ ಇಲ್ಲ.

ಒಳಗೆ ನಿಂತವನ ಮೈಯಿಂದಲೇ ಹುಟ್ಟಿದ ಹೆಸರೂ ಒಂದಿದೆ, ಅದು ದಿನಾ ನಮ್ಮ ಬಾಯಲ್ಲಿರುವ ಪ್ಯಾರಾಪೆಟ್. ಇಟಲಿಯ ಭಾಷೆಯಲ್ಲಿ ಪೆತ್ತೊ ಎಂದರೆ ಎದೆ. ಎದೆ ಕಾಯುವ ಗೋಡೆ ಪಾರಾಪೆತ್ತೊ. ಸೈನಿಕರ ಆ ಪದ ಈಗ ನಮ್ಮ ತಾರಸಿಗಳ ಮೇಲಿದೆ.

ಹಳೇ ಕೋಟೆಗಳ ದುರಸ್ತಿಗೆ ಹೋಗುವ ಮೇಸ್ತ್ರಿಗಳಲ್ಲಿ ನನ್ನದೊಂದು ಬೇಡಿಕೆ: ತೆನೆಗೆ ಸಿಮೆಂಟು ಬಳಿಯಬೇಡಿ, ಅದು ನೀರನ್ನು ಒಳಗೇ ಹಿಡಿದಿಟ್ಟು ಹಳೆಯ ಗಾರೆಯನ್ನು ಕೊಳೆಸುತ್ತದೆ. ಸುಣ್ಣದ ಗಾರೆಯನ್ನೇ ಹಾಕಿ. ಕಿಂಡಿಗಳನ್ನು ಮುಚ್ಚಬೇಡಿ.